ಬಿಲ್ಡರ್ ಕೇಳುವ ‘ಇನ್‌ಫ್ರಾ ಚಾರ್ಜ್’ ಯಾರ ಕೈ ಸೇರುತ್ತದೆ?

ಪ್ರಶ್ನೆ: ಬೆಂಗಳೂರಿನ ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ, ಹಿಂದೆ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳ ಪಟ್ಟಿಯಲ್ಲಿದ್ದ ಊರೊಂದರಲ್ಲಿ, 180 ಮನೆಗಳ ಅಪಾರ್ಟ್‌ಮೆಂಟಿನಲ್ಲಿ 1,250 ಚದರಡಿಯ ಫ್ಲ್ಯಾಟ್ ಬುಕ್ ಮಾಡಿದ್ದೇವೆ. ರಿಜಿಸ್ಟ್ರೇಷನ್ ಹತ್ತಿರ ಬಂದಿದೆ. ಈಗ ಬಿಲ್ಡರ್ ‘ಬಿಡಬ್ಲ್ಯುಎಸ್‌ಎಸ್‌ಬಿ, ಬೆಸ್ಕಾಂ ಮತ್ತು ಇನ್‌ಫ್ರಾಸ್ಟ್ರಕ್ಚರ್ ಚಾರ್ಜಸ್’ ಎಂದು ಚದರಡಿಗೆ 280 ರೂಪಾಯಿಯಂತೆ 3.5 ಲಕ್ಷ ಕೇಳುತ್ತಿದ್ದಾರೆ. ಗೇಟಿನ ಹೊರಗೆ ಮಣ್ಣು ರಸ್ತೆ, ಒಳಗೆ ಟ್ಯಾಂಕರ್ ನೀರು. ಈ ದುಡ್ಡು ಹೋಗುವುದಾದರೂ ಎಲ್ಲಿಗೆ? ಕೊಡಲೇಬೇಕೆ?

ಉತ್ತರ: ನಿಮ್ಮ 3.5 ಲಕ್ಷದಲ್ಲಿ ಮೂರು ಬಾಬ್ತಿನ ಹಣ ಒಂದೇ ಗಂಟಿನಲ್ಲಿರುವ ಸಾಧ್ಯತೆ ಹೆಚ್ಚು: ಸರ್ಕಾರಿ ಸಂಸ್ಥೆಗಳಿಗೆ (ಬಿಡಬ್ಲ್ಯುಎಸ್‌ಎಸ್‌ಬಿ ಎಂದರೆ ಬೆಂಗಳೂರು ಜಲಮಂಡಳಿ, ಬೆಸ್ಕಾಂ ಎಂದರೆ ವಿದ್ಯುತ್ ಸರಬರಾಜು ಕಂಪನಿ) ಬಿಲ್ಡರ್ ಕಟ್ಟಿದ ಶುಲ್ಕ, ಕಾಂಪೌಂಡಿನ ಒಳಗಿನ ಕೆಲಸದ ಖರ್ಚು, ಮತ್ತು ಬಿಲ್ಡರ್‌ಗೆ ಉಳಿಯುವ ಲಾಭ. ಮೊದಲನೆಯದಕ್ಕೆ ಡಿಮ್ಯಾಂಡ್ ನೋಟಿಸ್ ಮತ್ತು ರಸೀದಿ ಇದ್ದೇ ಇರುತ್ತವೆ. ಎರಡನೆಯದು ಫ್ಲ್ಯಾಟಿನ ಬೆಲೆಯಲ್ಲೇ ಸೇರಿರಬೇಕು. ಮೂರನೆಯದಕ್ಕೆ ಜಲಮಂಡಳಿಯ ಹೆಸರು ಹಾಕುವಂತಿಲ್ಲ. ಈ ಗಂಟು ಬಿಚ್ಚಿ ನೋಡದೆ ‘ಕೊಡಬೇಕೆ ಬೇಡವೆ’ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಮೊದಲು ಸರ್ಕಾರದ ಪಾಲು. ದೊಡ್ಡ ಕಟ್ಟಡ ಕಟ್ಟುವವರು ಜಲಮಂಡಳಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಎನ್‌ಒಸಿ ಹಂತದಲ್ಲೇ ಸಂಭಾವ್ಯ ಪ್ರೊ-ರೇಟಾ ಶುಲ್ಕದ ಮುಂಗಡ ಕಟ್ಟಿಸಿಕೊಳ್ಳುತ್ತಾರೆ, ಬಾಕಿಯನ್ನು ಸಂಪರ್ಕ ಕೊಡುವಾಗ. ಪ್ರೊ-ರೇಟಾ ಎಂದರೆ ನಗರದ ಮುಖ್ಯ ಕೊಳವೆ, ಪಂಪಿಂಗ್ ಸ್ಟೇಷನ್, ಜಲಾಗಾರಗಳ ಬಂಡವಾಳದಲ್ಲಿ ನಿಮ್ಮ ಕಟ್ಟಡದ ಪಾಲು. ಇದರ ಲೆಕ್ಕ ಕಟ್ಟಡದ ಒಟ್ಟು ವಿಸ್ತೀರ್ಣದ ಮೇಲೆ, ಚದರ ಮೀಟರಿನಲ್ಲಿ. ಬಿಲ್ಡರ್ ನಿಮಗೆ ತೋರಿಸುವುದು ಸೂಪರ್ ಬಿಲ್ಟ್‌ಅಪ್ ಚದರಡಿಯ ಲೆಕ್ಕ, ಅಂದರೆ ಮನೆಯ ಜೊತೆ ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲೂ ಸೇರಿದ್ದು. ಎರಡೂ ತಾಳೆಯಾಗದಿದ್ದರೆ ಅದರಲ್ಲೇನೂ ಆಶ್ಚರ್ಯವಿಲ್ಲ, ಆದರೆ ಹೆಚ್ಚುವರಿ ಹಣ ಅಡಗಿ ಕೂರುವುದೂ ಈ ಸಂದಿನಲ್ಲೇ.

ನಿಮ್ಮಂತಹ ಹೊರವಲಯಗಳಲ್ಲಿ ಇನ್ನೊಂದು ಬಾಬ್ತು ಇದೆ, ಬಿಸಿಸಿ, ಅಂದರೆ ಫಲಾನುಭವಿಗಳ ಬಂಡವಾಳ ವಂತಿಗೆ. 2007ರಲ್ಲಿ 7 ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆಯಿತಲ್ಲ, ಆ ನಗರಸಭೆಗಳ ಪ್ರದೇಶಕ್ಕೆ ನೀರಿನ ಜಾಲ ಹಾಕುವ ಯೋಜನೆ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಸರ್ಕಾರದ ಅನುದಾನ, ಸಾಲ, ಜೊತೆಗೆ ನಿವಾಸಿಗಳ ವಂತಿಗೆ ಎಂಬುದು ಅದರ ಹಣದ ಏರ್ಪಾಡು. ನಲ್ಲಿಯಲ್ಲಿ ನೀರು ಬರುವುದಕ್ಕೆ ವರ್ಷಗಟ್ಟಲೆ ಮುಂಚೆಯೇ ಜನ ದುಡ್ಡು ಕಟ್ಟಿದರು. ಮೊದಲು ದುಡ್ಡು, ಆಮೇಲೆ ಕೊಳವೆ ಎಂಬ ಕ್ರಮ ಬೆಂಗಳೂರಿನ ಹೊರವಲಯದಲ್ಲಿ ಗಟ್ಟಿಯಾಗಿ ಬೇರೂರಿದ್ದು ಅಲ್ಲಿಂದ.

ಬೆಸ್ಕಾಂನದು ಕೊಂಚ ನೇರ ವ್ಯವಹಾರ. ನಿಮ್ಮ ಸಮುಚ್ಚಯಕ್ಕೆ ಬೇಕಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದರ ಮೇಲೆ ಠೇವಣಿ ಮತ್ತು ಶುಲ್ಕ. ಟ್ರಾನ್ಸ್‌ಫಾರ್ಮರ್, ಎಚ್‌ಟಿ (ಹೈ ಟೆನ್ಷನ್) ಕೇಬಲ್, ಪ್ಯಾನಲ್‌ಗಳನ್ನು ಸಾಮಾನ್ಯವಾಗಿ ಬಿಲ್ಡರ್ ತನ್ನ ಖರ್ಚಿನಲ್ಲಿ, ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೈಲಿ ಹಾಕಿಸಿ, ಬೆಸ್ಕಾಂಗೆ ಮೇಲ್ವಿಚಾರಣಾ ಶುಲ್ಕ ಕಟ್ಟುತ್ತಾನೆ. ಠೇವಣಿಯ ರಸೀದಿ ಯಾರ ಹೆಸರಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಮೀಟರ್ ನಿಮ್ಮ ಹೆಸರಿಗೆ ಬದಲಾಗುವಾಗ ಠೇವಣಿಯೂ ಜೊತೆಗೆ ಬರಬೇಕು. ಬಿಲ್ಡರ್ ಹೆಸರಿನಲ್ಲೇ ಉಳಿದುಬಿಟ್ಟ ಠೇವಣಿಯ ಜಗಳ ಅಪಾರ್ಟ್‌ಮೆಂಟ್ ಸಂಘಗಳಲ್ಲಿ ತೀರಾ ಮಾಮೂಲಿ.

ಇನ್ನು ಯೋಜನಾ ಪ್ರಾಧಿಕಾರ ಮತ್ತು ಪಾಲಿಕೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 18-ಎ ಕಲಂ ಪ್ರಕಾರ ಪ್ಲಾನ್‌ಗೆ ಅನುಮತಿ ಕೊಡುವಾಗ ನಾಲ್ಕು ಉದ್ದೇಶಗಳಿಗೆ ಸೆಸ್ ಅಥವಾ ಸರ್‌ಚಾರ್ಜ್ ಹಾಕಬಹುದು: ನೀರು ಸರಬರಾಜು ಯೋಜನೆ, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಮೂಹ ಸಾರಿಗೆ. ದರ ಜಾಗ ಅಥವಾ ಕಟ್ಟಡದ ಮಾರುಕಟ್ಟೆ ಮೌಲ್ಯದ ಹತ್ತನೇ ಒಂದು ಭಾಗ ಮೀರುವಂತಿಲ್ಲ. ಖಾಸಗಿ ಲೇಔಟ್‌ಗಳಿಗೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯಿದೆಯ 32(5-ಎ) ಕಲಂ ಇದೆ. ನೀರು, ವಿದ್ಯುತ್, ರಸ್ತೆ, ಸಾರಿಗೆ ವಿಸ್ತರಣೆಯ ಖರ್ಚಿನಲ್ಲಿ ಒಂದು ಪಾಲನ್ನು ಲೇಔಟ್ ಮಾಡುವವರಿಂದ ಠೇವಣಿ ಇರಿಸಿಕೊಳ್ಳಬಹುದು ಎನ್ನುತ್ತದೆ ಅದು. ಗೃಹ ನಿರ್ಮಾಣ ಸಹಕಾರ ಸಂಘಗಳು ಈ ಕಲಮಿನ ಸಿಂಧುತ್ವವನ್ನೇ ಪ್ರಶ್ನಿಸಿದ್ದವು. 2012ರಲ್ಲಿ ಸುಪ್ರೀಂ ಕೋರ್ಟ್ ಕಲಂ ಸಿಂಧು ಎಂದಿತು. ಇದರ ಮೇಲೆ ಪಾಲಿಕೆಯ ಲೈಸೆನ್ಸ್ ಶುಲ್ಕ, ಪರಿಶೀಲನಾ ಶುಲ್ಕ, ಬೆಟರ್‌ಮೆಂಟ್ ಚಾರ್ಜ್ (ಸುಧಾರಣಾ ಶುಲ್ಕ) ಇತ್ಯಾದಿ. ನಿರ್ಮಾಣ ವೆಚ್ಚದ ಶೇ 1ರಷ್ಟು ಕಾರ್ಮಿಕ ಸೆಸ್ ಸಹ ಇದೇ ಹಂತದಲ್ಲಿ ಕಟ್ಟಬೇಕಾದದ್ದು. ಅದು ಕಟ್ಟಡ ಕಾರ್ಮಿಕರ ಕಲ್ಯಾಣದ ಹಣ, ಮೂಲಸೌಕರ್ಯದ್ದಲ್ಲ. ಕಾಸ್ಟ್ ಶೀಟಿನಲ್ಲಿ ಅದನ್ನೂ ‘ಇನ್‌ಫ್ರಾ’ ಪಟ್ಟಿಗೆ ತುರುಕಿದ್ದರೆ ಕೇಳಿ.

ಈ ಪ್ಲಾನ್ ಮಂಜೂರಾತಿ ಶುಲ್ಕಗಳು ನೀವು ಬುಕ್ ಮಾಡುವ ಮೊದಲೇ ಬಿಲ್ಡರ್ ಕಟ್ಟಿ ಮುಗಿಸಿದವು. ಮಂಜೂರಾತಿ ಇಲ್ಲದೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಿಲ್ಲ, ರೇರಾ ನೋಂದಣಿಯಿಲ್ಲದೆ ಮಾರುವಂತಿಲ್ಲ. ಹಾಗಾಗಿ ಅವು ಫ್ಲ್ಯಾಟಿನ ಬೆಲೆಯೊಳಗೆ ಆಗಲೇ ಕೂತಿರುತ್ತವೆ. ರಿಜಿಸ್ಟ್ರೇಷನ್ ಹೊತ್ತಿಗೆ ಇದೇ ಹೆಸರಿನಲ್ಲಿ ಮತ್ತೆ ಕೇಳಿದರೆ ‘ಯಾವ ತಾರೀಖಿನ ನೋಟಿಸ್?’ ಎಂಬುದೊಂದೇ ಪ್ರಶ್ನೆ ಸಾಕು.

ಒಳಗಿನ ಕೆಲಸ, ಹೊರಗಿನ ಕೆಲಸ

ರೇರಾ ಕಾಯಿದೆ ಎರಡು ಬಗೆಯ ಕೆಲಸಗಳನ್ನು ಬೇರೆಬೇರೆಯಾಗಿ ವಿವರಿಸುತ್ತದೆ. ಒಳಗಿನ ರಸ್ತೆ, ನೀರಿನ ಕೊಳವೆ, ಚರಂಡಿ, ಬೀದಿದೀಪ, ಕೊಳಚೆ ಸಂಸ್ಕರಣೆ, ಪಾರ್ಕ್ ಇವು ಆಂತರಿಕ ಅಭಿವೃದ್ಧಿ ಕೆಲಸಗಳು. ಪ್ರಾಜೆಕ್ಟಿಗಾಗಿಯೇ ಅದರ ಅಂಚಿನಲ್ಲಿ ಅಥವಾ ಹೊರಗೆ ಮಾಡಬೇಕಾದ ರಸ್ತೆ, ನೀರು, ಒಳಚರಂಡಿ, ಸಬ್‌ಸ್ಟೇಷನ್ ಕೆಲಸಗಳು ಬಾಹ್ಯ ಅಭಿವೃದ್ಧಿ. ಎಸ್‌ಟಿಪಿ (ಕೊಳಚೆ ಸಂಸ್ಕರಣಾ ಘಟಕ), ಸಂಪು, ಶುದ್ಧ ನೀರಿಗೂ ಸಂಸ್ಕರಿಸಿದ ನೀರಿಗೂ ಬೇರೆಬೇರೆಯಾದ ಎರಡು ಪೈಪಿನ ವ್ಯವಸ್ಥೆ, ಜನರೇಟರ್ ಇವೆಲ್ಲ ಬಿಲ್ಡರ್ ನಿಮಗೆ ಮಾರಿದ ಸರಕಿನ ಭಾಗ. ಇವುಗಳಿಗೆ ಪ್ರತ್ಯೇಕವಾಗಿ ‘ಇನ್‌ಫ್ರಾಸ್ಟ್ರಕ್ಚರ್ ಚಾರ್ಜ್’ ಕೇಳಬೇಕಾದರೆ ನಿಮ್ಮ ಅಗ್ರಿಮೆಂಟಿನ ಒಟ್ಟು ಬೆಲೆಯ ಪಟ್ಟಿಯಲ್ಲಿ ಆ ಸಾಲು ಮೊದಲೇ ಇರಬೇಕು.

ಆ ಅಗ್ರಿಮೆಂಟನ್ನು ಹೊರತೆಗೆಯಿರಿ. ಕರ್ನಾಟಕ ರೇರಾ ನಿಯಮಗಳಲ್ಲಿರುವ ಮಾದರಿ ಮಾರಾಟ ಒಪ್ಪಂದದ ಆರಂಭದಲ್ಲೇ, ಒಟ್ಟು ಬೆಲೆಯನ್ನು ಹೇಳಿದ ಕೂಡಲೇ, ಒಂದು ಷರತ್ತಿದೆ. ಬೆಲೆ ಏರಿಸುವಂತಿಲ್ಲ, ಏರಿಸಬಹುದಾದದ್ದು ಸಕ್ಷಮ ಪ್ರಾಧಿಕಾರ ಅಭಿವೃದ್ಧಿ ಶುಲ್ಕ ಅಥವಾ ಇತರ ಶುಲ್ಕವನ್ನು ಹೆಚ್ಚಿಸಿದಾಗ ಮಾತ್ರ. ಹಾಗೆ ಹೆಚ್ಚಿಸಿದರೂ ಸಂಬಂಧಪಟ್ಟ ಅಧಿಸೂಚನೆ ಅಥವಾ ಆದೇಶವನ್ನು ಬಿಲ್ಡರ್ ತನ್ನ ಡಿಮ್ಯಾಂಡ್ ಪತ್ರದ ಜೊತೆ ಲಗತ್ತಿಸಬೇಕು. ಅದಕ್ಕೂ ಮುಖ್ಯವಾದ ಮಾತು ಇನ್ನೊಂದು: ರೇರಾ ನೋಂದಣಿಯಲ್ಲಿ (ವಿಸ್ತರಣೆಯೂ ಸೇರಿ) ಹೇಳಿದ ಮುಕ್ತಾಯದ ದಿನಾಂಕ ದಾಟಿದ ಮೇಲೆ ಹೊಸದಾಗಿ ಬಂದ ಅಥವಾ ಏರಿದ ಅಭಿವೃದ್ಧಿ ಶುಲ್ಕವನ್ನು ಕೊಂಡವರ ಮೇಲೆ ಹಾಕುವಂತಿಲ್ಲ. ತಡ ಮಾಡಿದ್ದು ಬಿಲ್ಡರ್, ಆ ತಡದ ಅವಧಿಯಲ್ಲಿ ಏರಿದ ಶುಲ್ಕವೂ ಅವರದೇ. ಹೆಚ್ಚಿನ ಗ್ರಾಹಕರು ಈ ಸಾಲನ್ನು ಓದಿಯೇ ಇರುವುದಿಲ್ಲ. ಬಿಲ್ಡರ್‌ಗಳ ಪತ್ರಗಳಲ್ಲೂ ಅದರ ಸುದ್ದಿ ಇರುವುದಿಲ್ಲ.

ಈಗ ಲೆಕ್ಕ. 180 ಮನೆ, ಸರಾಸರಿ 1,250 ಚದರಡಿ ಎಂದಿಟ್ಟುಕೊಂಡರೆ ಮಾರಾಟದ ಒಟ್ಟು ವಿಸ್ತೀರ್ಣ 2,25,000 ಚದರಡಿ. 280 ರೂಪಾಯಿಯಂತೆ ಬಿಲ್ಡರ್ ಎತ್ತುವ ಮೊತ್ತ 6.3 ಕೋಟಿ. ಜಲಮಂಡಳಿ ಮತ್ತು ಬೆಸ್ಕಾಂನ ಡಿಮ್ಯಾಂಡ್ ನೋಟಿಸ್‌ಗಳನ್ನೆಲ್ಲ ಕೂಡಿದಾಗ 2.7 ಕೋಟಿ ಆಯಿತು ಎಂದು ಉದಾಹರಣೆಗೆ ಊಹಿಸಿ. ಆಗ ಚದರಡಿಗೆ ಬರುವುದು 120 ರೂಪಾಯಿ. ಉಳಿದ 160 ರೂಪಾಯಿಗೆ, ಅಂದರೆ ನಿಮ್ಮ ಪಾಲಿನ 2 ಲಕ್ಷಕ್ಕೆ, ಬಿಲ್ಡರ್ ಬೇರೆ ಕಾರಣ ಕೊಡಬೇಕು. ನಿಮ್ಮ ಪ್ರಾಜೆಕ್ಟಿನ ನಿಜವಾದ ಅಂಕಿ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ನೋಟಿಸ್‌ಗಳ ಪ್ರತಿ ಕೈಗೆ ಬಂದರೆ ಈ ಭಾಗಾಕಾರಕ್ಕೆ ಹತ್ತು ನಿಮಿಷ ಸಾಕು.

ಜಿಎಸ್‌ಟಿ ವಿಷಯದಲ್ಲೂ ಇದೇ ಕಾಗದ ಬೇಕು. ನಿಮ್ಮ ಪರವಾಗಿ ಕಟ್ಟಿದಷ್ಟನ್ನೇ, ರಸೀದಿ ತೋರಿಸಿ, ನಯಾಪೈಸೆ ಸೇರಿಸದೆ ವಸೂಲಿ ಮಾಡಿದರೆ ‘ಪ್ಯೂರ್ ಏಜೆಂಟ್’ ನಿಯಮದಡಿ ಆ ಮೊತ್ತವನ್ನು ತೆರಿಗೆಯಿಂದ ಹೊರಗಿಡಲು ದಾರಿ ಇದೆ. ಉಂಡೆಯಾಗಿ ಚದರಡಿ ಲೆಕ್ಕದಲ್ಲಿ ಎತ್ತಿದರೆ ಆ ದಾರಿ ಮುಚ್ಚಿದಂತೆಯೇ, ಮೇಲೆ ಜಿಎಸ್‌ಟಿ ಬೀಳುತ್ತದೆ.

ಕಟ್ಟಿದರೂ ರಸ್ತೆ ಏಕಿಲ್ಲ

ಸರ್ಕಾರಕ್ಕೆ ನಿಜವಾಗಿಯೂ ಸೇರಿದ ಹಣದ ವಿಚಾರ ಬೇರೆ. ಅದನ್ನು ಪ್ರಾಜೆಕ್ಟ್ ಲೆಕ್ಕದಲ್ಲಿ ವಸೂಲಿ ಮಾಡುತ್ತಾರೆ, ನಗರದ ಲೆಕ್ಕದಲ್ಲಿ ಖರ್ಚು ಮಾಡುತ್ತಾರೆ. ನೀವು ಕಟ್ಟಿದ ಪ್ರೊ-ರೇಟಾ ನಿಮ್ಮ ಬೀದಿಯ ಕೊಳವೆಗೇ ಹೋಗಬೇಕು ಎಂಬ ಕಟ್ಟುಪಾಡಿಲ್ಲ. ಶುಲ್ಕಕ್ಕೂ ಸೇವೆಗೂ ಸ್ಥೂಲ ಸಂಬಂಧ ಇದ್ದರೆ ಸಾಕು, ರೂಪಾಯಿಗೆ ರೂಪಾಯಿ ತಾಳೆಯಾಗಬೇಕಿಲ್ಲ ಎಂದು ನಮ್ಮ ನ್ಯಾಯಾಲಯಗಳು ಬಹಳ ಹಿಂದೆಯೇ ಹೇಳಿವೆ. ಹಾಗಾಗಿ ‘ನಮ್ಮ ದುಡ್ಡಿನಲ್ಲಿ ನಮ್ಮ ರಸ್ತೆ’ ಎಂಬ ವಾದ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಜೊತೆಗೆ ದುಡ್ಡು ಸೇರುವ ಪೆಟ್ಟಿಗೆಗಳೂ ಬೇರೆಬೇರೆ. ಪ್ರೊ-ರೇಟಾ ಜಲಮಂಡಳಿಗೆ, 18-ಎ ಸೆಸ್ ಯೋಜನಾ ಪ್ರಾಧಿಕಾರದ ಮೂಲಕ, ಬೆಟರ್‌ಮೆಂಟ್ ಪಾಲಿಕೆಗೆ. ನಿಮ್ಮ ಗೇಟಿನ ಮುಂದಿನ ರಸ್ತೆ ಪಾಲಿಕೆಯದು. ನೀವು ಹೆಚ್ಚು ಹಣ ಕಟ್ಟಿರುವುದು ಜಲಮಂಡಳಿಗೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ 5 ಪಾಲಿಕೆಗಳು ಬಂದವು. ಹಳೆಯ ಕಡತ ಯಾವ ಕಚೇರಿಯಲ್ಲಿದೆ ಎಂದು ಹುಡುಕುವ ಕೆಲಸ ಅದರಿಂದ ಒಂದಷ್ಟು ಹೆಚ್ಚೇ ಆಗಿದೆ.

ಕಾಲದ ಅಂತರವೂ ಇದೆ. 110 ಹಳ್ಳಿಗಳಿಗೆ ನೀರು ತರಲೆಂದು ರೂಪಿಸಿದ ಕಾವೇರಿ 5ನೇ ಹಂತ ದಿನಕ್ಕೆ 775 ದಶಲಕ್ಷ ಲೀಟರಿನದು. ಅಷ್ಟು ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ಮೇಲೆತ್ತಬೇಕು. ಅದು ನಿಂತಿದ್ದು ಜಪಾನಿನ ನೆರವು ಸಂಸ್ಥೆ ಜೈಕಾದ ಸಾಲದ ಮೇಲೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಇಂಥ ಕಾಮಗಾರಿಗೆ ಒಂದೊಂದು ಅಪಾರ್ಟ್‌ಮೆಂಟಿನಿಂದ ಬಿಡಿಬಿಡಿಯಾಗಿ ಬರುವ ಶುಲ್ಕ ಎಲ್ಲಿಗೂ ಸಾಲದು. ಸಾಲ ತಂದು ಕಟ್ಟಿ, ಶುಲ್ಕ ಮತ್ತು ನೀರಿನ ಬಿಲ್ಲಿನಿಂದ ತೀರಿಸುವುದೇ ಇಲ್ಲಿನ ಪದ್ಧತಿ. ಮುಖ್ಯ ಕೊಳವೆ ಬಂದ ಮೇಲೂ ನಿಮ್ಮ ಬೀದಿಯ ವಿತರಣಾ ಕೊಳವೆ, ಒಳಚರಂಡಿ ಬೇರೆಬೇರೆ ಟೆಂಡರ್. ಒಳಚರಂಡಿಗೆ ಒಮ್ಮೆ ಅಗೆತ, ನೀರಿಗೆ ಇನ್ನೊಮ್ಮೆ, ಕೇಬಲ್‌ಗೆ ಮತ್ತೊಮ್ಮೆ. ಇವೆಲ್ಲ ಮುಗಿಯುವವರೆಗೆ ಡಾಂಬರು ಹಾಕುವುದಿಲ್ಲ ಎಂದು ಪಾಲಿಕೆಯವರು ಹೇಳಿದರೆ ಅದು ಪೂರ್ತಿ ನೆಪವೂ ಅಲ್ಲ. ಹಾಕಿದ ಡಾಂಬರನ್ನು ಮರುತಿಂಗಳೇ ಕಿತ್ತ ಉದಾಹರಣೆಗೆ ಈ ಊರಿನಲ್ಲಿ ಬರವಿಲ್ಲ.

ವರ್ತುಲ ರಸ್ತೆಯ ಕತೆ ಇದಕ್ಕಿಂತ ಬೇಸರದ್ದು. ಕಾಯಿದೆಯಲ್ಲೇ ಹೆಸರು ಹಿಡಿದು ಬರೆದ ಉದ್ದೇಶ ಅದು. ಆದರೆ 2000ರ ದಶಕದಲ್ಲೇ ಅಧಿಸೂಚನೆಯಾದ ಪೆರಿಫೆರಲ್ ರಿಂಗ್ ರೋಡ್ ಭೂಸ್ವಾಧೀನದ ಪರಿಹಾರದಲ್ಲೇ ವರ್ಷಾನುಗಟ್ಟಲೆ ಸಿಕ್ಕಿಕೊಂಡಿತು, ಹೆಸರು ಮಾತ್ರ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಬದಲಾಯಿತು. ಸೆಸ್ ಬರುವ ವೇಗಕ್ಕಿಂತ ಜಮೀನಿನ ಬೆಲೆ ಏರುವ ವೇಗ ಹೆಚ್ಚು. ಸಂಗ್ರಹಿಸಿದ ಹಣ ಅಲ್ಲೇ ಇದ್ದರೂ ಅದರ ಕೊಳ್ಳುವ ಶಕ್ತಿ ವರ್ಷವರ್ಷ ಕರಗುತ್ತದೆ.

ಇದಕ್ಕೆ ವಿರುದ್ಧದ ಉದಾಹರಣೆಯೂ ಬೆಂಗಳೂರಿನಲ್ಲೇ ಇದೆ. 2018ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕೋನಪ್ಪನ ಅಗ್ರಹಾರ ಮೆಟ್ರೊ ನಿಲ್ದಾಣಕ್ಕೆಂದೇ 200 ಕೋಟಿ ಕೊಡುವ ಒಪ್ಪಂದ ಮಾಡಿಕೊಂಡಿತು. ತಡವಾಯಿತು ನಿಜ, ಆದರೆ ನಿಲ್ದಾಣ ನಿಂತಿತು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದೊಂದಿಗೆ ತೆರೆಯಿತು. ಇಂಥ ಕಾಮಗಾರಿಗೆ ಇಷ್ಟು ಎಂದು ವಿಳಾಸ ಬರೆದು ಕೊಟ್ಟ ಹಣವನ್ನು ಬೆನ್ನಟ್ಟಲು ಸುಲಭ. ಮನೆ ಕೊಳ್ಳುವವರ ಹಣಕ್ಕೆ ಆ ವಿಳಾಸ ಇಲ್ಲ, ನನ್ನ ಪ್ರಕಾರ ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಅದೇ. ಅಮೆರಿಕದ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಇಂಥ ಶುಲ್ಕವನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು, ಖರ್ಚಾಗದೆ ಉಳಿದರೆ 5 ವರ್ಷಕ್ಕೊಮ್ಮೆ ಯಾವುದಕ್ಕಾಗಿ ಇಟ್ಟುಕೊಂಡಿದ್ದೇವೆ ಎಂದು ದಾಖಲಿಸಬೇಕು, ಇಲ್ಲವಾದರೆ ಹಿಂದಿರುಗಿಸಬೇಕು. ನಮ್ಮಲ್ಲಿ ಅಂಥ ಗಡುವು ತರಲು ಒಂದು ತಿದ್ದುಪಡಿ ಸಾಕು.

ಇನ್ನೊಂದು ಸತ್ಯವನ್ನೂ ಹೇಳಬೇಕು. ನಿಮ್ಮ ಬಿಲ್ಡರ್ ಏನೋ ಕಟ್ಟಿದ, ನಿಮ್ಮ ಪಕ್ಕದ ರೆವಿನ್ಯೂ ಲೇಔಟ್‌ನವನು (ಪ್ರಾಧಿಕಾರದ ಅನುಮೋದನೆಯಿಲ್ಲದೆ ಸೈಟು ಮಾಡಿ ಮಾರಿದವನು) ಏನನ್ನೂ ಕಟ್ಟಲಿಲ್ಲ. ಪ್ರಾಧಿಕಾರದ ಅನುಮೋದನೆ ಪಡೆದ ಲೇಔಟ್‌ನಲ್ಲಿ ಜಮೀನಿನ ಹೆಚ್ಚೆಂದರೆ ಶೇ 55 ಭಾಗವಷ್ಟೇ ಸೈಟು. ಉಳಿದದ್ದು ರಸ್ತೆ, ಪಾರ್ಕ್, ನಾಗರಿಕ ಸೌಲಭ್ಯಕ್ಕೆ. ರೆವಿನ್ಯೂ ಲೇಔಟ್‌ನಲ್ಲಿ ಪಾರ್ಕಿಲ್ಲ, ಶುಲ್ಕವಿಲ್ಲ, ರಸ್ತೆಯೋ ಕಾರು ತಿರುಗಿಸಲೂ ಆಗದಷ್ಟು. ಆ ಸೈಟುಗಳಿಗೂ ಕೊನೆಗೆ ಅದೇ ನೀರು, ಅದೇ ಚರಂಡಿ ಬೇಕು. ಅವರ ಪಾಲಿನ ಲೆಕ್ಕ ಬಿ-ಖಾತಾದಿಂದ (ನಿಯಮಬದ್ಧವಲ್ಲದ ಆಸ್ತಿಯ ಪಾಲಿಕೆ ದಾಖಲೆ) ಎ-ಖಾತಾಗೆ (ನಿಯಮಬದ್ಧ ಆಸ್ತಿಯದು) ಬರುವಾಗ, ಗೈಡೆನ್ಸ್ ವ್ಯಾಲ್ಯೂ (ಸರ್ಕಾರಿ ಮಾರ್ಗಸೂಚಿ ದರ) ಆಧಾರದ ಶುಲ್ಕವಾಗಿ, ಲೇಔಟ್ ಮಾಡಿದವನ ಬದಲು ಸೈಟು ಕೊಂಡವರ ತಲೆಗೆ ಬರುತ್ತದೆ. ಆಗಲೂ ರಸ್ತೆ ಅಗಲ ಮಾಡಲು ಜಾಗ ಉಳಿದಿರುವುದಿಲ್ಲ.

ಅಂದಹಾಗೆ, ಬಿಲ್ಡರ್ ಕೇಳದಿದ್ದರೂ ನೀವು ಮೂಲಸೌಕರ್ಯಕ್ಕೆಂದು ಕಟ್ಟುವ ಹಣ ಇನ್ನೊಂದಿದೆ, ಮುದ್ರಾಂಕ ಶುಲ್ಕದ ಮೇಲಿನ ಸೆಸ್. 80 ಲಕ್ಷದ ಫ್ಲ್ಯಾಟಿಗೆ ಶೇ 5ರಂತೆ 4 ಲಕ್ಷ ಮುದ್ರಾಂಕ ಶುಲ್ಕ. ಅದರ ಮೇಲೆ ಶೇ 10 ಸೆಸ್, ಅಂದರೆ 40,000. ನಗರ ಪ್ರದೇಶದಲ್ಲಿ ಶೇ 2 ಸರ್‌ಚಾರ್ಜ್, 8,000. ನೋಂದಣಿ ಶುಲ್ಕ ಬೇರೆ: 2025ರ ಆಗಸ್ಟ್ 31ರಿಂದ ಶೇ 2, ಅದು 1.6 ಲಕ್ಷ. ಇವು ಖಜಾನೆಗೆ ನೇರ ಹೋಗುವವು, ಚೌಕಾಸಿಗೆ ಅವಕಾಶವಿಲ್ಲ.

ಈಗ ನೀವು ಮಾಡಬೇಕಾದದ್ದು

ಬಿಲ್ಡರ್‌ಗೆ ಇಮೇಲಿನಲ್ಲಿ ಕೇಳಿ, ಫೋನಿನಲ್ಲಿ ಬೇಡ. ಜಲಮಂಡಳಿ ಮತ್ತು ಬೆಸ್ಕಾಂನ ಡಿಮ್ಯಾಂಡ್ ನೋಟಿಸ್, ಕಟ್ಟಿದ ಚಲನ್, ಮತ್ತು 180 ಮನೆಗಳಿಗೆ ಹಂಚಿದ ಪಟ್ಟಿ, ಈ ಮೂರೇ ಸಾಕು. ‘ಆಡಿಟರ್ ಹತ್ತಿರ ಇದೆ’, ‘ಕಂಪನಿಯ ಪಾಲಿಸಿ’ ಎಂಬ ಉತ್ತರ ಬಂದರೆ ಅದನ್ನೂ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಬ್ಬೊಬ್ಬರೇ ಹೋಗುವ ಬದಲು ಹತ್ತಿಪ್ಪತ್ತು ಮಂದಿ ಸೇರಿ ಒಂದೇ ಪತ್ರ ಬರೆದರೆ ಉತ್ತರ ಬೇಗ ಬರುತ್ತದೆ.

ಜೊತೆಜೊತೆಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಬಹಳ ಅರ್ಜಿಗಳು ಬಿದ್ದುಹೋಗುವುದು ಈ ನಿಯಮಕ್ಕೇ. ಆದ್ದರಿಂದ ಜಲಮಂಡಳಿಗೆ ಒಂದು, ಬೆಸ್ಕಾಂಗೆ ಒಂದು, ಪಾಲಿಕೆಗೆ ಒಂದು ಹೀಗೆ ಬೇರೆಬೇರೆ. ಜಲಮಂಡಳಿಗೆ ಕೇಳಬೇಕಾದದ್ದು ಇಷ್ಟು: ಇಂಥ ಸರ್ವೆ ನಂಬರಿನ ಕಟ್ಟಡಕ್ಕೆ ಕೊಟ್ಟ ಎನ್‌ಒಸಿಯ ಪ್ರತಿ, ಪ್ರೊ-ರೇಟಾ ಮತ್ತು ಬಿಸಿಸಿ ಎಂದು ಪಡೆದ ಮೊತ್ತ, ದಿನಾಂಕ, ಬಾಕಿ. ‘ನೀರು ಯಾಕೆ ಬಂದಿಲ್ಲ’ ಎಂದು ಕೇಳಬೇಡಿ. ಅದು ಮಾಹಿತಿಯಲ್ಲ, ವಿವರಣೆ ಎಂದು ತಿರಸ್ಕರಿಸುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಎನ್‌ಒಸಿ ಪ್ರತಿ ಸಿಕ್ಕ ಮೇಲೆ ಅದರ ಷರತ್ತುಗಳನ್ನು ನಿಧಾನವಾಗಿ ಓದಿ. ಹೊರವಲಯದ ಎನ್‌ಒಸಿಗಳಲ್ಲಿ ನೀರು ಲಭ್ಯತೆಗೆ ಒಳಪಟ್ಟು, ಅಲ್ಲಿಯವರೆಗೆ ಸ್ವಂತ ವ್ಯವಸ್ಥೆ ಮಾಡಿಕೊಳ್ಳಬೇಕು ಎಂಬ ಧಾಟಿಯ ಸಾಲು ಸಾಮಾನ್ಯ. ಬ್ರೋಷರಿನಲ್ಲಿ ‘ಕಾವೇರಿ ಸಂಪರ್ಕ’ ಎಂದು ಹಾಕಿ ಎನ್‌ಒಸಿಯಲ್ಲಿ ಈ ಸಾಲಿದ್ದರೆ, ಬಿಲ್ಡರ್ ಎದುರು ಅದು ಒಳ್ಳೆಯ ದಾಖಲೆ.

ಕೊಡುವುದಾದರೆ ನೋಟಿಸ್‌ನಲ್ಲಿ ಕಂಡಷ್ಟನ್ನು ಕೊಡಿ, ಉಳಿದದ್ದಕ್ಕೆ ಲಿಖಿತ ಆಕ್ಷೇಪ ಸಲ್ಲಿಸಿ. ‘ಪೂರ್ತಿ ಕಟ್ಟದಿದ್ದರೆ ರಿಜಿಸ್ಟ್ರೇಷನ್ ಇಲ್ಲ’ ಎಂದು ಹಿಡಿದಿಟ್ಟರೆ, ಆಕ್ಷೇಪ ದಾಖಲಿಸಿಯೇ ಕಟ್ಟಿ, ಆಮೇಲೆ ರೇರಾ ಕಾಯಿದೆಯ 31ನೇ ಕಲಮಿನಡಿ ದೂರು ಕೊಡಬಹುದು. ರಸೀದಿಯಲ್ಲಿ ‘ಅದರ್ ಚಾರ್ಜಸ್’ ಎಂದು ಬರೆಸಿಕೊಳ್ಳಬೇಡಿ. ಬಾಬ್ತಿನ ಹೆಸರು, ಮೊತ್ತ ಬಿಡಿಸಿ ಬರೆದಿರಬೇಕು. ವರ್ಷ ಕಳೆದ ಮೇಲೆ ‘ಅದರ್’ ಎಂಬುದರಲ್ಲಿ ಜಲಮಂಡಳಿಯ ಹಣ ಇತ್ತು ಎಂದು ಸಾಬೀತು ಮಾಡಲು ಸಂಘದವರು ಪಡುವ ಪಾಡು ಅಷ್ಟಿಷ್ಟಲ್ಲ.

ಇದೆಲ್ಲಕ್ಕಿಂತ ಮೊದಲು ಓಸಿ (ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಕೊಡುವ ಸ್ವಾಧೀನಾನುಭವ ಪತ್ರ) ಬಂದಿದೆಯೇ ನೋಡಿ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡುವಂತಿಲ್ಲ. ಓಸಿಯೇ ಇಲ್ಲದೆ ‘ಬೆಸ್ಕಾಂ, ಬಿಡಬ್ಲ್ಯುಎಸ್‌ಎಸ್‌ಬಿ ಚಾರ್ಜ್’ ಕೇಳುತ್ತಿದ್ದರೆ, ನೀವು ಹಣ ಕೊಡುತ್ತಿರುವುದು ಸದ್ಯಕ್ಕೆ ಸಿಗದ ಸಂಪರ್ಕಕ್ಕೆ. ಓಸಿಯ ಪ್ರತಿ ಮತ್ತು ಜಲಮಂಡಳಿಯ ಅಂತಿಮ ಡಿಮ್ಯಾಂಡ್ ನೋಟಿಸ್ ಕೈಗೆ ಬರುವವರೆಗೆ ಈ ಬಾಬ್ತನ್ನು ತಡೆಹಿಡಿಯುತ್ತೇವೆ ಎಂದು ಬರೆದು ತಿಳಿಸಿ. ಸಂಪರ್ಕ ಮಂಜೂರಾದ ದಿನ ಆರ್‌ಆರ್ ನಂಬರ್ (ಸಂಪರ್ಕದ ಗ್ರಾಹಕ ಸಂಖ್ಯೆ) ಸಂಘದ ಹೆಸರಿಗೆ ಬರುವಂತೆ ಅರ್ಜಿಯನ್ನೂ ಆಗಲೇ ಸಿದ್ಧವಾಗಿಡಿ.